ಹೊರಗಿನ ಮರಕ್ಕೆ ಸ್ಟೇನ್: ಮನೆಯಲ್ಲೇ ಮಾಡಿಕೊಳ್ಳುವ ಬಗೆ

ಅಂಗಳದ ಬೆಂಚು, ತಾರಸಿಯ ಕುರ್ಚಿ, ಬಾಲ್ಕನಿಯ ಪುಟ್ಟ ಮೇಜು, ಜಗಲಿಯಾಚೆ ತೂಗುವ ಉಯ್ಯಾಲೆ ಹಲಗೆ. ತಂದ ಹೊಸತರಲ್ಲಿ ಇವೆಲ್ಲ ಕಳೆಕಳೆಯಾಗಿ ಇರುತ್ತವೆ. ಒಂದೆರಡು ಬೇಸಿಗೆ, ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಬೂದಿಗೆ ತಿರುಗಿ, ಮೈ ಒರಟಾಗಿ, ಕೂತವರಿಗೆ ಸಿಬಿರು ಚುಚ್ಚತೊಡಗುತ್ತದೆ. ಆಗ ಮನೆಯವರು ಹೊಳೆಯುವ ವಾರ್ನಿಶ್ ತಂದು ದಪ್ಪಗೆ ಬಳಿಯುತ್ತಾರೆ. ಕೆಲವು ತಿಂಗಳು ಥಳಥಳ ಎನ್ನುತ್ತದೆ. ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಆ ಹೊಳಪು ಸಿಪ್ಪೆ ಸಿಪ್ಪೆಯಾಗಿ ಎದ್ದು, ಅದರಡಿ ಕಪ್ಪು ಕಲೆ ಕಾಣುತ್ತದೆ. ಕೊನೆಗೆ ಸಾಮಾನು ಅಟ್ಟಕ್ಕೋ ಗುಜರಿಗೋ ಹೋಗುತ್ತದೆ.

ಇಷ್ಟಾಗಬೇಕಿಲ್ಲ. ಹೊರಗಿಡುವ ಮರಕ್ಕೆ ಬೇಕಾಗಿರುವುದು ಮೇಲೆ ಗಟ್ಟಿ ಪದರ ಕಟ್ಟುವ ಹೊಳಪಲ್ಲ, ಮರದೊಳಗೆ ಇಳಿಯುವ ಬಣ್ಣ. ಅದೇ ಸ್ಟೇನ್. ಒಮ್ಮೆ ಹಚ್ಚಿದರೆ ಜೀವಮಾನವಿಡೀ ಉಳಿಯುತ್ತದೆಂದು ಯಾವ ಲೇಪವೂ ಮಾತು ಕೊಡಲಾರದು. ಸವೆದಾಗ ಸುಲಭವಾಗಿ ಮತ್ತೆ ಹಚ್ಚಿಕೊಳ್ಳಬಹುದಾದ ಲೇಪವನ್ನು ಆರಿಸಿಕೊಳ್ಳುವುದೇ ಜಾಣತನ. ವಾರಾಂತ್ಯದ ಬಿಡುವು, ಒಂದಷ್ಟು ತಾಳ್ಮೆ ಇದ್ದರೆ ಈ ಕೆಲಸವನ್ನು ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದು.

ಬಿಸಿಲು ಮಳೆ ಮರಕ್ಕೆ ಮಾಡುವುದೇನು?

ಮರದ ನಾರುಗಳನ್ನು ಒಂದಕ್ಕೊಂದು ಬಿಗಿದು ಹಿಡಿದಿರುವ ಪದಾರ್ಥ ಲಿಗ್ನಿನ್. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಈ ಲಿಗ್ನಿನ್ನನ್ನು ಒಡೆಯುತ್ತವೆ. ಒಡೆದದ್ದನ್ನು ಮಳೆನೀರು ತೊಳೆದು ಒಯ್ಯುತ್ತದೆ. ಮೇಲೆ ಉಳಿಯುವುದು ಸಡಿಲವಾದ ಸೆಲ್ಯುಲೋಸ್ ನಾರು. ಹಳೆಯ ಬೆಂಚಿನ ಬೂದು ಬಣ್ಣಕ್ಕೂ ಒರಟುತನಕ್ಕೂ ಇದೇ ಕಾರಣ. ತೇವ ಹೆಚ್ಚಿರುವ ಕಡೆ ಬೂಷ್ಟೂ ಸೇರಿಕೊಂಡು ಬಣ್ಣವನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ಸಮಾಧಾನದ ಸಂಗತಿಯೆಂದರೆ ಬಿಸಿಲಿನ ಹಾನಿ ಒಂದೆರಡು ಮಿಲಿಮೀಟರಿಗಿಂತ ಆಳಕ್ಕೆ ಇಳಿದಿರುವುದಿಲ್ಲ. ಮೇಲ್ಪದರ ಉಜ್ಜಿ ತೆಗೆದರೆ ಒಳಗಿನ ಮರ ಹೆಚ್ಚುಕಡಿಮೆ ಹೊಸತರಂತೆಯೇ ಇರುತ್ತದೆ.

ಎರಡನೆಯ ಸಂಗತಿ ಮರದ ಹಿಗ್ಗು ಕುಗ್ಗು. ಮಳೆಗಾಲದಲ್ಲಿ ತೇವ ಹೀರಿ ಹಲಗೆ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಉದ್ದಕ್ಕೆ ಈ ಬದಲಾವಣೆ ತೀರಾ ಕಡಿಮೆ, ಅಗಲಕ್ಕೆ ಹೆಚ್ಚು. ಒಳಾಂಗಣಕ್ಕೆಂದು ತಯಾರಿಸಿದ ಗಡಸು ವಾರ್ನಿಶ್ ಈ ಚಲನೆಗೆ ಬಗ್ಗದೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಇಳಿದ ನೀರು ಹೊರಬರಲು ದಾರಿಯಿಲ್ಲದೆ ಒಳಗೇ ಉಳಿದು ಮರವನ್ನು ಕೊಳೆಸುತ್ತದೆ. ಇಷ್ಟಲ್ಲದೆ ಬಣ್ಣವಿಲ್ಲದ ವಾರ್ನಿಶ್ ಬಿಸಿಲನ್ನು ಸರಾಗವಾಗಿ ಒಳಗೆ ಬಿಡುವುದರಿಂದ, ಅದು ಅಂಟಿಕೊಂಡಿರುವ ಮರದ ಪದರವೇ ಸಡಿಲಾಗಿ ಇಡೀ ಪೊರೆ ಕಳಚುತ್ತದೆ.

ಸ್ಟೇನ್ ಹೇಗೆ ಭಿನ್ನ? ಯಾವುದನ್ನು ಕೊಳ್ಳಬೇಕು?

ಅಂಗೈಗೆ ಹಚ್ಚಿದ ಮದರಂಗಿ ಚರ್ಮದೊಳಗೆ ಇಳಿದು, ದಿನ ಕಳೆದಂತೆ ಮಾಸುತ್ತದೆಯೇ ಹೊರತು ಸುಲಿದು ಬರುವುದಿಲ್ಲ. ಸ್ಟೇನ್ ಕೂಡ ಹಾಗೆಯೇ. ಮರದ ಎಳೆಗಳ ಸಂದಿಗೆ ಇಳಿದು ಬಣ್ಣ ಕೊಡುತ್ತದೆ, ಎಳೆಯ ಚಿತ್ತಾರವನ್ನು ಮುಚ್ಚುವುದಿಲ್ಲ, ಸವೆಯುವಾಗ ಮೆಲ್ಲಗೆ ತೆಳುವಾಗುತ್ತದೆ. ಹೀಗಾಗಿ ಮುಂದಿನ ಸಲ ಎಲ್ಲವನ್ನೂ ಕೆರೆದು ತೆಗೆಯುವ ಶ್ರಮವಿಲ್ಲ.

ಆದರೆ ಅಂಗಡಿಯಲ್ಲಿ ‘ವುಡ್ ಸ್ಟೇನ್’ ಎಂದು ಕೇಳಿದರೆ ಸಿಗುವುದೆಲ್ಲ ಹೊರಗೆ ಬಳಸುವುದಲ್ಲ. ಸಣ್ಣ ಬಾಟಲಿಗಳಲ್ಲಿ ಬರುವ ಹಲವು ಸ್ಟೇನ್‌ಗಳು ಒಳಮನೆಯ ಬಾಗಿಲು, ಕಪಾಟುಗಳಿಗೆ ಬಣ್ಣ ಕೊಡಲೆಂದು ಮಾಡಿದಂಥವು. ಅವುಗಳ ಮೇಲೆ ಪಾಲಿಶ್ ಬೇಕೇಬೇಕು. ಅವುಗಳಲ್ಲಿ ಕರಗುವ ಡೈ ಇದ್ದರೆ ಬಿಸಿಲಿಗೆ ಬೇಗ ಮಾಸುತ್ತದೆ. ಹೊರಗಿನ ಮರಕ್ಕೆ ಪಿಗ್ಮೆಂಟ್, ಅಂದರೆ ಕರಗದ ನುಣ್ಣನೆಯ ಬಣ್ಣದ ಪುಡಿ ಇರುವ ಸ್ಟೇನ್ ಬೇಕು. ಈ ಕಣಗಳೇ ಅತಿನೇರಳೆ ಕಿರಣವನ್ನು ತಡೆಯುವ ನಿಜವಾದ ಕಾವಲು. ಡಬ್ಬಿಯ ಮೇಲೆ ‘ಎಕ್ಸ್‌ಟೀರಿಯರ್’ ಎಂದು ಇದೆಯೇ, ಯುವಿ ರಕ್ಷಣೆಯ ಮಾತಿದೆಯೇ, ಮರ ಅದನ್ನು ಹೀರಿಕೊಳ್ಳುತ್ತದೆಯೋ ಅಥವಾ ಮೇಲೆ ಪದರ ಕಟ್ಟುತ್ತದೆಯೋ ಎಂಬ ಮೂರನ್ನೂ ಓದಿ ನೋಡಿ.

ಪಾರದರ್ಶಕ, ಅರೆ ಪಾರದರ್ಶಕ, ಗಾಢ ಎಂದು ಸ್ಟೇನ್‌ನಲ್ಲಿ ಮೂರು ಬಗೆ. ಬಣ್ಣದ ಪುಡಿ ಹೆಚ್ಚಿದಷ್ಟೂ ಬಾಳಿಕೆ ಹೆಚ್ಚು, ಎಳೆ ಕಾಣುವುದು ಕಡಿಮೆ. ಕೂರುವ ಸಾಮಾನಿಗೆ ಅರೆ ಪಾರದರ್ಶಕ ಬಗೆಯೇ ಹದ. ಎಣ್ಣೆ ಆಧಾರಿತ ಸ್ಟೇನ್ ನಿಧಾನವಾಗಿ ಒಣಗುವುದರಿಂದ ಆಳಕ್ಕೆ ಇಳಿಯಲು ಸಮಯವಿರುತ್ತದೆ, ಹೊಸಬರಿಗೆ ಕೈ ತಿದ್ದಿಕೊಳ್ಳಲು ಅವಕಾಶವೂ ಇರುತ್ತದೆ. ನೀರು ಆಧಾರಿತ ಸ್ಟೇನ್‌ಗೆ ವಾಸನೆ ಕಡಿಮೆ, ಬೇಗ ಒಣಗುತ್ತದೆ, ಬ್ರಷ್ ನೀರಿನಲ್ಲೇ ತೊಳೆಯಬಹುದು. ಫ್ಲ್ಯಾಟ್‌ನ ಬಾಲ್ಕನಿಯಲ್ಲಿ ಕೆಲಸ ಮಾಡುವವರಿಗೆ ಅನುಕೂಲ.

ಮನೆಯಲ್ಲಿ ರೂಢಿಯಲ್ಲಿರುವ ಕೆಲವು ಲೇಪಗಳ ಬಗ್ಗೆಯೂ ಹೇಳಬೇಕು. ಫ್ರೆಂಚ್ ಪಾಲಿಶ್ ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಒಳಗಿನ ಮೇಜಿಗೆ ಅದರ ಸೊಗಸೇ ಬೇರೆ. ಹೊರಗಿಟ್ಟರೆ ನೀರು ಬಿದ್ದಲ್ಲಿ ಬೆಳ್ಳನೆ ಕಲೆ ಏಳುತ್ತದೆ, ಬಿಸಿಗೆ ಮೆತ್ತಗಾಗುತ್ತದೆ. ಕರಾವಳಿಯಲ್ಲಿ ಪಕಾಸಿಗೂ ಬೇಲಿಗೂಟಕ್ಕೂ ಹಚ್ಚುವ ಗೇರೆಣ್ಣೆ ಗೆದ್ದಲು ತಡೆಯುವುದರಲ್ಲಿ ಗಟ್ಟಿಗ. ಆದರೆ ಅದು ಚರ್ಮವನ್ನು ಸುಟ್ಟು ಬೊಬ್ಬೆ ಎಬ್ಬಿಸುವಂಥದ್ದು, ಕೂರುವ ಬೆಂಚಿಗೆ ಖಂಡಿತ ಬೇಡ. ಬರೀ ಅಗಸೆ ಎಣ್ಣೆ ಹಚ್ಚಿದರೆ ಮೊದಲು ಚೆನ್ನಾಗಿ ಕಂಡರೂ ಮಲೆನಾಡು, ಕರಾವಳಿಯ ತೇವದಲ್ಲಿ ಬೂಷ್ಟಿಗೆ ಅದೇ ಆಹಾರವಾಗುತ್ತದೆ.

ನಿಮ್ಮ ಮರ ಯಾವುದು?

ಒಂದೇ ಡಬ್ಬಿಯ ಸ್ಟೇನ್ ಬೇರೆ ಬೇರೆ ಮರದ ಮೇಲೆ ಬೇರೆ ಬೇರೆ ಬಣ್ಣ ಕೊಡುತ್ತದೆ. ಆದ್ದರಿಂದ ಮರದ ಗುರುತು ಮುಖ್ಯ.

ಸಾಗುವಾನಿಯಲ್ಲಿ ಸಹಜವಾಗಿ ಎಣ್ಣೆಯಂಶ ಇರುವುದರಿಂದ ಅದು ನೀರಿಗೂ ಗೆದ್ದಲಿಗೂ ಚೆನ್ನಾಗಿ ತಡೆದುಕೊಳ್ಳುತ್ತದೆ. ದಾಂಡೇಲಿ, ಹಳಿಯಾಳ ಸೀಮೆಯ ಸಾಗುವಾನಿಗೆ ಹೆಸರು ಬಂದದ್ದು ಇಂಥ ಗುಣಕ್ಕಾಗಿಯೇ. ಚೇಗಿನ ಭಾಗದ ಸಾಗುವಾನಿಗೆ ಏನೂ ಹಚ್ಚದಿದ್ದರೂ ಅದು ಬೂದಾಗುತ್ತದೆಯೇ ವಿನಾ ಬೇಗ ಹಾಳಾಗುವುದಿಲ್ಲ. ಬಣ್ಣ ಉಳಿಯಬೇಕೆಂದಿದ್ದರೆ ಮಾತ್ರ ಸ್ಟೇನ್ ಬೇಕು. ಆದರೆ ಅದೇ ಎಣ್ಣೆಯಂಶ ಸ್ಟೇನ್ ಇಳಿಯಲು ಬಿಡುವುದಿಲ್ಲ. ಹಚ್ಚುವ ಸ್ವಲ್ಪ ಮುಂಚೆ ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರಿದ ಕೂಡಲೇ ಹಚ್ಚಬೇಕು.

ಹಲಸಿನ ಮರ ಸಹಜವಾಗಿಯೇ ಹಳದಿ ಬೆರೆತ ಬಣ್ಣದ್ದು. ಕಂದು ಸ್ಟೇನ್ ಅದರ ಮೇಲೆ ಹೊನ್ನಿನ ಛಾಯೆ ತೋರುತ್ತದೆ. ಅಕೇಶಿಯ ಗಟ್ಟಿ ಮರ, ಬಣ್ಣ ಮೊದಲೇ ಗಾಢ. ತೆಳು ಸ್ಟೇನ್ ಸಾಕು. ಪೈನ್ ಮತ್ತು ರಬ್ಬರ್ ಮರ ಹೊರಗಿಡಲು ಅಷ್ಟು ತಕ್ಕವಲ್ಲ; ತೇವಕ್ಕೆ ಬೂಷ್ಟು ಹಿಡಿಯುತ್ತವೆ, ಕುಟ್ಟೆಹುಳವೂ ಬೇಗ ತಗಲುತ್ತದೆ. ಇವನ್ನು ಸೂರಿನಡಿ ಇಟ್ಟು, ಗಾಢ ಸ್ಟೇನ್ ಹಚ್ಚುವುದು ಒಳ್ಳೆಯದು. ಪೈನ್ ಕೆಲವೆಡೆ ಹೆಚ್ಚು, ಕೆಲವೆಡೆ ಕಡಿಮೆ ಬಣ್ಣ ಹೀರಿ ಕಲೆಕಲೆಯಾಗುತ್ತದೆಂಬುದು ನೆನಪಿರಲಿ.

ಹಳೆಯ ಸಾಮಾನಿನ ಮರ ಯಾವುದೆಂದು ತಿಳಿಯದಿದ್ದರೆ ಊರಿನ ಆಚಾರಿಗಳಿಗೆ ತೋರಿಸಿ. ಎಳೆ, ತೂಕ, ವಾಸನೆ ನೋಡಿಯೇ ಹೇಳಬಲ್ಲ ಅನುಭವಿಗಳು ಇನ್ನೂ ಇದ್ದಾರೆ. ಮರದ ಗುರುತು, ಬಾಳಿಕೆ, ಸಂರಕ್ಷಣೆಗಳ ಮೇಲೆ ಸಂಶೋಧನೆ ನಡೆಸುವ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಬೆಂಗಳೂರಿನ ಮಲ್ಲೇಶ್ವರದಲ್ಲೇ ಇದೆ.

ಯಾವ ತಿಂಗಳು, ಯಾವ ಹೊತ್ತು?

ಒದ್ದೆ ಮರ ಸ್ಟೇನ್ ಹೀರುವುದಿಲ್ಲ. ಕರ್ನಾಟಕದ ಬಹುಭಾಗಕ್ಕೆ ಡಿಸೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಕರಾವಳಿ, ಮಲೆನಾಡಿನಲ್ಲಿ ಮುಂಗಾರು ಹೋದ ಕೂಡಲೇ ಅವಸರ ಮಾಡಬೇಡಿ. ಹೊರಗೆ ಒಣಗಿದಂತೆ ಕಂಡರೂ ಮರದ ಒಡಲಲ್ಲಿ ತೇವ ಉಳಿದಿರುತ್ತದೆ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ಗಳೇ ಹೆಚ್ಚು ಮಳೆಯ ತಿಂಗಳುಗಳು, ನವೆಂಬರಿನಲ್ಲೂ ಹಿಂಗಾರಿನ ಸೋನೆ ಬರುತ್ತದೆ. ಬೇಸಿಗೆಯಲ್ಲಿ ಮಾಡುವುದಾದರೆ ಅಶ್ವಿನಿ, ಭರಣಿ ಮಳೆಗೆ ಮುಂಚೆ, ಮಾರ್ಚ್‌ನಲ್ಲೇ ಮುಗಿಸಿಬಿಡಿ.

ಚಳಿಗಾಲದ ಬೆಳಗ್ಗೆ ಮಂಜು ಆರುವವರೆಗೆ ಕಾದು, 10 ಗಂಟೆಯ ನಂತರ ಶುರುಮಾಡಿ, ಮಧ್ಯಾಹ್ನ 3ರೊಳಗೆ ಮುಗಿಸಿ. ಹಸಿ ಲೇಪದ ಮೇಲೆ ರಾತ್ರಿಯ ಮಂಜು ಬಿದ್ದರೆ ಮೈ ಮಸುಕಾಗುತ್ತದೆ. ಕಲಬುರಗಿ, ರಾಯಚೂರಿನ ಕಡೆ ಬಿಸಿಲಿಗೆ ಕಾದ ಹಲಗೆಯ ಮೇಲೆ ಹಚ್ಚಿದರೆ ಸ್ಟೇನ್ ಇಳಿಯುವ ಮೊದಲೇ ಒಣಗಿ ಪಟ್ಟೆ ಬೀಳುತ್ತದೆ. ಎಲ್ಲಿಯೇ ಆಗಲಿ, ಗಾಳಿಯಾಡುವ ನೆರಳೇ ಕೆಲಸಕ್ಕೆ ಸರಿಯಾದ ಜಾಗ.

ಬೇಕಾಗುವ ಸಾಮಾನು

80, 120, 150 ನಂಬರಿನ ಮರಳು ಕಾಗದ, ಕಾಗದ ಸುತ್ತಿ ಹಿಡಿಯಲು ಮರದ ತುಂಡು, ಎರಡು ಇಂಚಿನ ಒಳ್ಳೆಯ ಬ್ರಷ್, ನಾರು ಬಿಡದ ಹಳೆಯ ಹತ್ತಿ ಬಟ್ಟೆ, ಕೈಗವಸು, ದೂಳಿಗೆ ಎನ್-95 ಮಾಸ್ಕ್, ಎಣ್ಣೆ ಆಧಾರಿತ ಸ್ಟೇನ್ ಆದರೆ ಟರ್ಪೆಂಟೈನ್. ನಯಮಾಡಿದ ಮರದ ಮೇಲೆ ಒಂದು ಲೀಟರ್ ಸ್ಟೇನ್ ಒಂದು ಸಲ ಹಚ್ಚಲು ಸುಮಾರು 80ರಿಂದ 120 ಚದರ ಅಡಿ ಬರುತ್ತದೆ. ಮೂವರು ಕೂರುವ ಬೆಂಚಿಗೆ ಎರಡು ಕೋಟು ಹಚ್ಚಲು ಒಂದು ಲೀಟರ್ ಇದ್ದರೆ ಸಾಕು. ಸಾಮಾನ್ಯ ಉಕ್ಕಿನ ನಾರಿನಿಂದ ಮರ ಉಜ್ಜಬೇಡಿ. ಅದರ ಚೂರುಗಳು ಎಳೆಯಲ್ಲಿ ಸಿಕ್ಕಿಕೊಂಡು ಮುಂದೆ ತುಕ್ಕಿನ ಚುಕ್ಕೆಗಳಾಗುತ್ತವೆ.

ತಯಾರಿಯೇ ಅರ್ಧಕ್ಕಿಂತ ಹೆಚ್ಚು ಕೆಲಸ

1. ಪರೀಕ್ಷೆ: ಬೆಂಚನ್ನು ಅಲುಗಾಡಿಸಿ ಕೀಲುಗಳು ಸಡಿಲವಾಗಿವೆಯೇ ನೋಡಿ. ಸಡಿಲವಿದ್ದರೆ ನೀರು ತಾಳುವ ಮರದ ಗೋಂದು ಹಾಕಿ ಬಿಗಿಯಿರಿ. ತುಕ್ಕು ಹಿಡಿದ ಕಬ್ಬಿಣದ ಸ್ಕ್ರೂ ತೆಗೆದು ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯದನ್ನು ಹಾಕಿ. ಕಾಲಿನ ಬುಡಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಮೆತ್ತಗೆ ಒಳಗಿಳಿದರೆ ಆ ಭಾಗ ಕೊಳೆತಿದೆ, ಬದಲಿಸಬೇಕು. ಸಣ್ಣ ರಂಧ್ರಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕುಟ್ಟೆ ಹಿಡಿದಿದೆ ಎಂದರ್ಥ. ಮೊದಲು ಅದಕ್ಕೆ ಮದ್ದು ಹಾಕಿಸಿ, ಆಮೇಲೆ ಸ್ಟೇನ್.

2. ತೊಳೆಯುವುದು: ಸೋಪಿನ ನೀರು, ಮೆದು ಬ್ರಷ್‌ನಿಂದ ಎಳೆಯ ಉದ್ದಕ್ಕೂ ಉಜ್ಜಿ ತೊಳೆಯಿರಿ. ಪಾಚಿ, ಬೂಷ್ಟು ಪೂರ್ತಿ ಹೋಗಬೇಕು. ಜೋರು ಒತ್ತಡದ ನೀರಿನ ಯಂತ್ರವನ್ನು ಹತ್ತಿರ ಹಿಡಿದರೆ ಎಳೆ ಸೀಳುತ್ತದೆ.

3. ಕಪ್ಪು ಕಲೆ: ಮೊಳೆಯ ಸುತ್ತ ಕಾಣುವ ಕಪ್ಪು ಕಲೆ ಕಬ್ಬಿಣ ಮತ್ತು ಮರದ ಒಗರು ಸೇರಿ ಆದದ್ದು. ಒಂದು ಲೀಟರ್ ಬೆಚ್ಚನೆಯ ನೀರಿಗೆ ಸುಮಾರು 50 ಗ್ರಾಂ ಆಕ್ಸಾಲಿಕ್ ಆಸಿಡ್ ಕರಗಿಸಿ ಹಚ್ಚಿ, ಕಲೆ ತಿಳಿಯಾದ ಮೇಲೆ ಚೆನ್ನಾಗಿ ತೊಳೆದರೆ ಹೋಗುತ್ತದೆ. ಇಡೀ ಬೂದು ಮೇಲ್ಮೈಯೂ ಇದರಿಂದ ತಿಳಿಯಾಗುತ್ತದೆ. ಇದು ವಿಷ. ಕೈಗವಸು, ಕನ್ನಡಕ ಬೇಕು, ಮಕ್ಕಳು ಸಾಕುಪ್ರಾಣಿಗಳು ಹತ್ತಿರ ಇರಬಾರದು, ಬ್ಲೀಚಿಂಗ್ ದ್ರಾವಣದ ಜೊತೆ ಎಂದೂ ಬೆರೆಸಬಾರದು. ಬೆರೆತರೆ ವಿಷಾನಿಲ ಏಳುತ್ತದೆ.

4. ಒಣಗಿಸುವುದು: ಗಾಳಿಯಾಡುವ ಕಡೆ ಕನಿಷ್ಠ ಎರಡು ಮೂರು ದಿನ ಬಿಡಿ. ಕರಾವಳಿಯಲ್ಲಿ ಇನ್ನೂ ಹೆಚ್ಚು ದಿನ ಬೇಕು.

5. ಹಳೆಯ ಲೇಪ ತೆಗೆಯುವುದು: ವಾರ್ನಿಶ್ ಅಥವಾ ಪೇಂಟ್ ಉಳಿದಿದ್ದರೆ ಸ್ಟೇನ್ ಇಳಿಯಲು ದಾರಿಯೇ ಇರುವುದಿಲ್ಲ. ಕೆರೆದು, ಉಜ್ಜಿ ಬರೀ ಮರ ಕಾಣುವಂತೆ ಮಾಡಬೇಕು. ಇಲ್ಲೊಂದು ಗಂಭೀರ ಎಚ್ಚರಿಕೆ. ಮನೆಬಳಕೆಯ ಪೇಂಟ್‌ಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಪೇಂಟ್‌ನಲ್ಲಿ ಸೀಸ ಹೆಚ್ಚಿರಬಹುದು, ಅದರ ದೂಳು ಮಕ್ಕಳ ಮಿದುಳಿಗೆ ಹಾನಿಕರ. ಅಂಥದ್ದನ್ನು ಒಣಗಿದಂತೆಯೇ ಉಜ್ಜದೆ, ನೀರು ತಾಳುವ ಕಾಗದದಿಂದ ಒದ್ದೆ ಮಾಡಿ ಉಜ್ಜಿ, ಕೊಳೆಯನ್ನು ಬಟ್ಟೆಯಲ್ಲಿ ಒರೆಸಿ ಕಟ್ಟಿ ಬೇರೆ ಇಡಿ. ಮರವನ್ನು ಮತ್ತೆ ಒಣಗಿಸಿಯೇ ಮುಂದುವರಿಯಿರಿ.

6. ಉಜ್ಜುವುದು: 80ರಿಂದ ಶುರುಮಾಡಿ 120, ಆಮೇಲೆ 150. ಯಾವಾಗಲೂ ಎಳೆ ಹರಿದ ದಿಕ್ಕಿಗೇ ಉಜ್ಜಿ. ಅಡ್ಡ ಉಜ್ಜಿದ ಗೀರು ಸ್ಟೇನ್ ಬಿದ್ದ ಮೇಲೆ ಎದ್ದು ಕಾಣುತ್ತದೆ. 150 ದಾಟಿ ನುಣುಪು ಮಾಡಬೇಡಿ. ತೀರಾ ನುಣುಪಾದ ಮರ ಬಣ್ಣ ಹೀರುವುದಿಲ್ಲ. ಹಲಗೆಯ ಕತ್ತರಿಸಿದ ತುದಿಗಳು ಮಾತ್ರ ಇದಕ್ಕೆ ಹೊರತು. ಅವು ಹೆಚ್ಚು ಬಣ್ಣ ಹೀರಿ ಕಪ್ಪಾಗುವುದರಿಂದ ಅಲ್ಲಿ 220ರವರೆಗೆ ಹೋಗಬಹುದು. ನೀರು ಆಧಾರಿತ ಸ್ಟೇನ್ ಹಚ್ಚುವವರು ಉಜ್ಜಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಆರಿದ ಬಳಿಕ ನೆಟ್ಟಗಾದ ಎಳೆಗಳನ್ನು ಹಗುರವಾಗಿ ಮತ್ತೊಮ್ಮೆ ಉಜ್ಜಿ.

7. ಹನಿ ಪರೀಕ್ಷೆ: ದೂಳು ಒರೆಸಿ, ನಾಲ್ಕಾರು ಕಡೆ ನೀರಿನ ಹನಿ ಹಾಕಿ. ಒಂದು ನಿಮಿಷದೊಳಗೆ ಇಂಗಿದರೆ ಮರ ಸಿದ್ಧ. ಹನಿ ಗುಂಡಾಗಿ ನಿಂತರೆ ಹಳೆಯ ಲೇಪ ಇನ್ನೂ ಇದೆ ಅಥವಾ ಒಣಗಿಲ್ಲ ಎಂದರ್ಥ. ಸಾಗುವಾನಿಯಲ್ಲಾದರೆ ಅದರ ಸ್ವಂತ ಎಣ್ಣೆಯೂ ಕಾರಣವಾಗಬಹುದು.

ಹಚ್ಚುವ ಕ್ರಮ

ಮೊದಲು ಬೆಂಚಿನ ಅಡಿಭಾಗದಲ್ಲಿ ಕಾಣದ ಜಾಗಕ್ಕೆ ಸ್ವಲ್ಪ ಹಚ್ಚಿ, ಪೂರ್ತಿ ಒಣಗಿದ ಮೇಲೆ ಬಣ್ಣ ನೋಡಿ. ಅಂಗಡಿಯ ಶೇಡ್ ಕಾರ್ಡನ್ನು ನಂಬಿ ನೇರವಾಗಿ ಹಚ್ಚಬೇಡಿ.

ಬಣ್ಣದ ಪುಡಿ ಡಬ್ಬಿಯ ತಳಕ್ಕೆ ಕೂತಿರುತ್ತದೆ. ಡಬ್ಬಿ ಕುಲುಕಿದರೆ ಗುಳ್ಳೆ ಏಳುತ್ತದೆ, ಆದ್ದರಿಂದ ಕಡ್ಡಿಯಿಂದ ತಳ ಮುಟ್ಟಿ ನಿಧಾನವಾಗಿ ಕಲಕಿ. ಕೆಲಸದ ನಡುವೆಯೂ ಆಗಾಗ ಕಲಕುತ್ತಿರಿ. ಎರಡು ಡಬ್ಬಿ ಇದ್ದರೆ ಒಂದೇ ಪಾತ್ರೆಗೆ ಸುರಿದು ಬೆರೆಸಿಕೊಳ್ಳಿ. ಬಣ್ಣದಲ್ಲಿ ಹೆಚ್ಚುಕಡಿಮೆ ಬರುವುದಿಲ್ಲ.

ಬೆಂಚನ್ನು ತಲೆಕೆಳಗಾಗಿಸಿ ಕಾಲು ಮತ್ತು ಅಡಿಭಾಗದಿಂದ ಶುರುಮಾಡಿ. ಕಾಲಿನ ಬುಡದ ಕತ್ತರಿಸಿದ ತುದಿಗೆ ಹೀರುವಷ್ಟು ಸ್ಟೇನ್ ಕುಡಿಸಿ. ನೆಲದ ನೀರು ಮರದೊಳಗೆ ಏರುವುದು ಆ ದಾರಿಯಿಂದಲೇ, ಬೆಂಚುಗಳು ಮೊದಲು ಕೊಳೆಯುವುದೂ ಅಲ್ಲಿಯೇ. ಬಹಳ ಜನ ಮರೆಯುವ ಜಾಗವೂ ಅದೇ. ನಂತರ ನೆಟ್ಟಗೆ ನಿಲ್ಲಿಸಿ ಬೆನ್ನು, ಕೈ, ಕೊನೆಗೆ ಕೂರುವ ಹಲಗೆ.

ಒಂದು ಸಲಕ್ಕೆ ಒಂದೇ ಹಲಗೆಯನ್ನು ಆ ತುದಿಯಿಂದ ಈ ತುದಿವರೆಗೆ ಮುಗಿಸಿ. ಅರ್ಧಕ್ಕೆ ನಿಲ್ಲಿಸಿ ಆರಿದ ಮೇಲೆ ಮುಂದುವರಿಸಿದರೆ ಸೇರಿದ ಜಾಗದಲ್ಲಿ ಗಾಢ ಪಟ್ಟೆ ಬೀಳುತ್ತದೆ. ಹಚ್ಚಿದ ಐದರಿಂದ ಹದಿನೈದು ನಿಮಿಷದಲ್ಲಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಮರ ಹೀರದೆ ಉಳಿದ ಸ್ಟೇನನ್ನು ಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯಿರಿ. ನೀರು ಆಧಾರಿತವಾದರೆ ಇನ್ನೂ ಬೇಗ ಒರೆಸಬೇಕು. ಮರ ತನಗೆ ಬೇಕಾದಷ್ಟೇ ಹೀರುತ್ತದೆ, ಮೇಲೆ ಉಳಿದದ್ದು ಅಂಟು ಅಂಟಾಗಿ ಬಟ್ಟೆಗೆ ಹತ್ತುತ್ತದೆ.

ಮೊದಲ ಕೋಟು ಆರಿದ ಮೇಲೆ, ಡಬ್ಬಿಯ ಸೂಚನೆಯಂತೆ, ಎರಡನೆಯದನ್ನು ಇನ್ನೂ ತೆಳುವಾಗಿ ಹಚ್ಚಿ. ಮೂರನೆಯದು ಸಾಮಾನ್ಯವಾಗಿ ಬೇಡ. ಕೆಲಸ ಮುಗಿದ ಮೇಲೆ ಎರಡು ಮೂರು ದಿನ ಯಾರೂ ಕೂರದಂತೆ ನೋಡಿಕೊಳ್ಳಿ. ಪ್ಲಾಸ್ಟಿಕ್ ಹೊದಿಸಬೇಡಿ, ಗಾಳಿ ಬೇಕು.

ಎಣ್ಣೆ ಬಟ್ಟೆಯ ಬೆಂಕಿ

ಈ ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಎಣ್ಣೆ ಆಧಾರಿತ ಸ್ಟೇನ್, ಅದರಲ್ಲೂ ಅಗಸೆ ಎಣ್ಣೆ ಇರುವಂಥದ್ದು, ಒಣಗುವಾಗ ಗಾಳಿಯ ಆಮ್ಲಜನಕದ ಜೊತೆ ಸೇರಿ ಶಾಖ ಹೊರಬಿಡುತ್ತದೆ. ಹರಡಿದ ಬಟ್ಟೆಯಲ್ಲಿ ಆ ಶಾಖ ಹೊರಟುಹೋಗುತ್ತದೆ. ಮುದ್ದೆಮಾಡಿ ಮೂಲೆಗೆಸೆದ ಬಟ್ಟೆಯಲ್ಲಿ ಅದು ಒಳಗೇ ಉಳಿದು ಏರುತ್ತಾ ಹೋಗಿ, ಕಡ್ಡಿ ಗೀರದೆ, ಕಿಡಿ ಬೀಳದೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಬಳಸಿದ ಬಟ್ಟೆಯನ್ನು ಒಂದೊಂದಾಗಿ ಬಿಡಿಸಿ, ಮನೆಯ ಹೊರಗೆ ಕಲ್ಲು ಅಥವಾ ಸಿಮೆಂಟಿನ ಮೇಲೆ ಹರಡಿ, ಗಟ್ಟಿಯಾಗುವಷ್ಟು ಒಣಗಿಸಿ. ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿ. ಕಸದ ಬುಟ್ಟಿಗೆ ನೇರವಾಗಿ ಹಾಕಬೇಡಿ.

ಉಳಿದ ಸ್ಟೇನನ್ನು ಚರಂಡಿಗೆ ಸುರಿಯಬಾರದು. ಬಣ್ಣದ ಖಾಲಿ ಡಬ್ಬಿಗಳನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯ ಅಪಾಯಕಾರಿ ತ್ಯಾಜ್ಯದ ಪಟ್ಟಿಗೆ ಸೇರಿಸಿದ್ದವು. ಕಸದವರಿಗೆ ಬೇರೆಯಾಗಿಯೇ ಕೊಡಿ.

ಎಡವಟ್ಟಾದರೆ

ಅಂಟಂಟಾಗಿಯೇ ಉಳಿದಿದೆಯೇ? ಒರೆಸದೆ ಬಿಟ್ಟ ಸ್ಟೇನ್ ಅದು. ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಉಜ್ಜಿ ತೆಗೆಯಿರಿ. ಬಣ್ಣ ತೀರಾ ಗಾಢವಾಯಿತೆನಿಸಿದರೆ ಹಸಿಯಿರುವಾಗಲೇ ಹೀಗೆ ಒರೆಸಿದರೆ ತಿಳಿಯಾಗುತ್ತದೆ. ಪಟ್ಟೆ ಬಿದ್ದಿದ್ದರೆ ಆ ಹಲಗೆಯನ್ನು ಪೂರ್ತಿ 120ರ ಕಾಗದದಲ್ಲಿ ಉಜ್ಜಿ ಮತ್ತೆ ಹಚ್ಚಿ. ಪಟ್ಟೆಯಷ್ಟನ್ನೇ ತಿದ್ದಲು ಹೋದರೆ ಇನ್ನೊಂದು ಕಲೆಯಾಗುತ್ತದೆ. ಹಚ್ಚಿದ ಕೆಲವೇ ಗಂಟೆಯಲ್ಲಿ ಮಳೆ ಬಿದ್ದರೆ ಗಾಬರಿ ಬೇಡ. ಪೂರ್ತಿ ಒಣಗಲು ಬಿಟ್ಟು, ಹಗುರವಾಗಿ ಉಜ್ಜಿ, ಇನ್ನೊಂದು ತೆಳು ಕೋಟು ಹಚ್ಚಿ.

ವರ್ಷಕ್ಕೊಮ್ಮೆ ಅರ್ಧ ದಿನ

ಒಳ್ಳೆಯ ಸ್ಟೇನ್ ಕೂಡ ತೆರೆದ ಬಿಸಿಲಿನಲ್ಲಿ ಕೂರುವ ಹಲಗೆಯ ಮೇಲೆ ಒಂದೆರಡು ವರ್ಷಕ್ಕೆ ಸವೆಯುತ್ತದೆ. ಸೂರಿನಡಿ ಇನ್ನೂ ಹೆಚ್ಚು ಕಾಲ ಬರುತ್ತದೆ. ನೇರ ನಿಂತ ಕಾಲು, ಬೆನ್ನಿಗಿಂತ ಮಲಗಿದ ಹಲಗೆ, ಕೈ ಇಡುವ ಪಟ್ಟಿ ಮೊದಲು ಬಿಳಿಚುತ್ತವೆ. ಮಳೆಗಾಲ ಕಳೆದು ಮರ ಒಣಗಿದ ಮೇಲೆ ತೊಳೆದು ಹನಿ ಪರೀಕ್ಷೆ ಮಾಡಿ. ನೀರು ಗುಂಡಾಗಿ ನಿಂತರೆ ಆ ವರ್ಷ ಏನೂ ಬೇಡ. ಇಂಗಿದರೆ ಹಗುರವಾಗಿ ಉಜ್ಜಿ ಒಂದು ತೆಳು ಕೋಟು ಹಚ್ಚಿ. ಮರ ಬೂದಾಗುವವರೆಗೆ ಕಾಯಬೇಡಿ. ಆಮೇಲೆ ಮೊದಲಿಂದ ಉಜ್ಜುವ ಕೆಲಸವೇ ಗತಿ.

ಇಡುವ ಜಾಗದ ಬಗ್ಗೆಯೂ ಗಮನವಿರಲಿ. ಮಣ್ಣಿನ ಮೇಲೆ ನೇರವಾಗಿ ಇಡದೆ ಕಾಲಿನಡಿ ಚಪ್ಪಡಿಯ ಚೂರೋ ರಬ್ಬರ್ ಬೂಟೋ ಕೊಡಿ. ಹೂಕುಂಡವನ್ನು ಬೆಂಚಿನ ಮೇಲೆ ಇಟ್ಟು ಮರೆಯಬೇಡಿ. ಸುರಿಮಳೆಯ ಜೂನ್, ಜುಲೈಗಳಲ್ಲಿ ಸಾಧ್ಯವಾದರೆ ಸೂರಿನಡಿಗೆ ಸರಿಸಿ.

ಒಂದು ಸಾಗುವಾನಿ ಮರ ಬೆಂಚಿನ ಹಲಗೆ ಕೊಡುವಷ್ಟು ದಪ್ಪವಾಗಲು ದಶಕಗಳು ಬೇಕು. ಅಷ್ಟು ಕಾಲ ಬೆಳೆದದ್ದನ್ನು ಆರೈಕೆಯಿಲ್ಲದೆ ನಾಲ್ಕೈದು ವರ್ಷದಲ್ಲಿ ಗುಜರಿಗೆ ಹಾಕಿ, ಇನ್ನೊಂದನ್ನು ಕೊಂಡು ತರುವುದು ಹಣಕ್ಕೂ ಕಾಡಿಗೂ ನಷ್ಟ. ಒಂದು ಲೀಟರ್ ಸ್ಟೇನ್, ನಾಲ್ಕು ಹಾಳೆ ಮರಳು ಕಾಗದ, ವರ್ಷಕ್ಕೆ ಅರ್ಧ ದಿನ ಕೊಟ್ಟರೆ ಈಗಿರುವ ಬೆಂಚೇ ಇನ್ನೂ ಹಲವು ವರ್ಷ ಬಾಳುತ್ತದೆ. ಈ ಡಿಸೆಂಬರ್ ಬಂದಾಗ ಮೊದಲು ಹಳೆಯ ಬೆಂಚಿನ ಮೇಲೆ ನಾಲ್ಕು ಹನಿ ನೀರು ಹಾಕಿ ನೋಡಿ. ಮುಂದಿನ ಕೆಲಸ ಎಷ್ಟಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.